ಹತ್ತು ಗೆಣ್ಣಿನ ಕುಡಿಮೀಸೆ: ಮಳೆಕಾಡಿನ ಅಪರೂಪದ ಇರುವೆಯನ್ನು ಗುರುತಿಸಿ ವರ್ಗೀಕರಿಸುವ ಸಮಗ್ರ ಮಾರ್ಗದರ್ಶಿ

ಕೇರಳದ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಿಕ್ಕ ಒಂದು ಪುಟ್ಟ ಇರುವೆಗೆ 2021ರಲ್ಲಿ ‘ಊಸೆರಿಯಾ ಜೋಶಿಯೈ’ ಎಂದು ಹೆಸರಿಡಲಾಯಿತು. ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದ ಹಿಮೇಂದರ್ ಭಾರ್ತಿ ಅವರ ತಂಡ ಅದನ್ನು ವಿವರಿಸಿ ‘ಝೂಕೀಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಹೆಸರು ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜೀವವಿಕಾಸ ವಿಜ್ಞಾನಿ ಪ್ರೊ. ಅಮಿತಾಭ್ ಜೋಶಿ ಅವರ ಗೌರವಾರ್ಥ. ಜೊತೆಯಲ್ಲೇ ತಮಿಳುನಾಡಿನಿಂದ ಇನ್ನೊಂದು ಇರುವೆ ಬಂತು, ‘ಊಸೆರಿಯಾ ಡೆಕಾಮೆರಾ’. ಡೆಕಾ ಎಂದರೆ ಹತ್ತು. ಈ ಎರಡೂ ಇರುವೆಗಳ ಕುಡಿಮೀಸೆಯಲ್ಲಿ ಹತ್ತು ಗೆಣ್ಣುಗಳಿವೆ. ಅಲ್ಲಿಯವರೆಗೆ ಊಸೆರಿಯಾ ಕುಲದಲ್ಲಿ ಗೊತ್ತಿದ್ದ 14 ಪ್ರಭೇದಗಳಲ್ಲಿ ಎಂಟಕ್ಕೆ ಒಂಬತ್ತು ಗೆಣ್ಣು, ಐದಕ್ಕೆ ಹನ್ನೊಂದು, ಒಂದಕ್ಕೆ ಎಂಟು. ಹತ್ತು ಗೆಣ್ಣಿನದು ಒಂದೂ ಇರಲಿಲ್ಲ.

ಈ ಮಾರ್ಗದರ್ಶಿಗೆ ನಾನು ಊಸೆರಿಯಾವನ್ನೇ ಆರಿಸಿಕೊಂಡದ್ದು ಅದಕ್ಕಾಗಿಯೇ. ಇರುವೆ ಗುರುತಿಸುವ ಕೆಲಸ ಬಹುಪಾಲು ಎಣಿಕೆಯ ಕೆಲಸ. ಎಣಿಸುವ ಮೊದಲು ಏನನ್ನು ತಳ್ಳಿಹಾಕಬೇಕು, ಯಾವ ಕ್ರಮದಲ್ಲಿ ತಳ್ಳಿಹಾಕಬೇಕು ಎಂಬುದು ಗೊತ್ತಿದ್ದರೆ ಸಾಮಾನ್ಯ ಆಸಕ್ತರೂ ಕುಲದ ಮಟ್ಟದವರೆಗೆ ಧೈರ್ಯವಾಗಿ ಹೋಗಬಹುದು. ಅಲ್ಲಿಂದ ಮುಂದೆ ತಾಳ್ಮೆ ಬೇಕು.

ನಮ್ಮ ಹಿರಿಯರಿಗೂ ಒಂದು ವರ್ಗೀಕರಣವಿತ್ತು. ಗೊದ್ದ, ಕಟ್ಟಿರುವೆ, ಕೆಂಜಿಗ, ಚಗಳಿ ಎಂದು ಬಣ್ಣ, ಕಡಿತ, ಗೂಡು ನೋಡಿ ಬೇರ್ಪಡಿಸುತ್ತಿದ್ದರು. ಕಣ್ಣಿಗೆ ಕಾಣುವ ಇರುವೆಗಳಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ದರಗಿನಡಿ, ಕೊಳೆತ ಮರದೊಳಗೆ, ಮಣ್ಣಿನ ಬಿರುಕಿನಲ್ಲಿ ಬದುಕುವ ಎರಡು ಮೂರು ಮಿಲಿಮೀಟರಿನ ಜೀವಿಗಳಿಗೆ ಕನ್ನಡದಲ್ಲಿ ಹೆಸರೇ ಇಲ್ಲ. ಊಸೆರಿಯಾ ಆ ಗುಂಪಿನದು. ಬೇರೆ ಇರುವೆಗಳ ಗೂಡಿಗೆ ನುಗ್ಗಿ ಮೊಟ್ಟೆ, ಮರಿಹುಳುಗಳನ್ನು ಹೊತ್ತೊಯ್ದು ತಿನ್ನುವ ಇದು ಬೆಳಕಿಗೆ ಬರುವುದೇ ಕಡಿಮೆ.

ಮೊದಲ ಹೆಜ್ಜೆ: ಅನುಮತಿ

ಕಾಡಿಗೆ ಇಳಿಯುವ ಮೊದಲೇ ಈ ಮಾತು ಮುಗಿಸಿಬಿಡೋಣ. ಹುಲಿ ಸಂರಕ್ಷಿತ ಪ್ರದೇಶ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಇರುವೆಯನ್ನೂ ಸಂಗ್ರಹಿಸುವಂತಿಲ್ಲ. ಮಾದರಿಯನ್ನು ವಿದೇಶದ ತಜ್ಞರಿಗೆ ಕಳಿಸುವ ಯೋಚನೆಯಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಕಲಿಯುವ ಹಂತದಲ್ಲಿ ಸ್ವಂತ ಅಡಕೆ ತೋಟ, ಮಾಲೀಕರು ಒಪ್ಪಿದ ಕಾಫಿ ತೋಟ ಧಾರಾಳ ಸಾಕು. ಮಲೆನಾಡಿನ ತೋಟದ ಒಂದು ಬುಟ್ಟಿ ದರಗಿನಲ್ಲಿ ಒಂದು ವಾರ ಕೂತು ನೋಡುವಷ್ಟು ಇರುವೆ ಇರುತ್ತವೆ.

ಎರಡನೆಯ ಹೆಜ್ಜೆ: ದರಗಿನಿಂದ ಇರುವೆ ಇಳಿಸುವುದು

ಈ ಇರುವೆಗಳನ್ನು ಕಣ್ಣಿಟ್ಟು ಹುಡುಕಿದರೆ ಸಿಗುವುದಿಲ್ಲ. ಸಕ್ಕರೆ ನೀರು, ಬೆಲ್ಲ ಇಟ್ಟರೆ ಬರುವುದೂ ಇಲ್ಲ, ಏಕೆಂದರೆ ಇವು ಬೇಟೆಗಾರರು. ಇವಕ್ಕೆ ಸರಿಯಾದ ಸಾಧನ ವಿಂಕ್ಲರ್ ಚೀಲ.

ದರಗನ್ನು ಮೇಲ್ಮಣ್ಣಿನ ಸಮೇತ ಕೆರೆದು, ಸುಮಾರು ಒಂದು ಸೆಂಟಿಮೀಟರ್ ಕಣ್ಣಿನ ಜರಡಿಯಲ್ಲಿ ಜೋರಾಗಿ ಅಲುಗಿಸಿ. ಕೊಳೆತ ಕಡ್ಡಿಗಳನ್ನು ಕೈಯಲ್ಲೇ ಮುರಿದು ಅದರಲ್ಲೇ ಹಾಕಿ. ಕೆಳಗೆ ಬಿದ್ದ ಪುಡಿಯನ್ನು ಬಲೆಯ ಚೀಲಕ್ಕೆ ತುಂಬಿ, ಅದನ್ನು ಆಲಿಕೆಯಾಕಾರದ ದೊಡ್ಡ ಬಟ್ಟೆಚೀಲದೊಳಗೆ ತೂಗುಹಾಕಿ, ತುದಿಯಲ್ಲಿ ಆಲ್ಕೊಹಾಲ್ ಇರುವ ಲೋಟ ಕಟ್ಟಬೇಕು. ಗಾಳಿ ಆಡುವ, ಬಿಸಿಲು ಬೀಳದ ಜಗಲಿಯಲ್ಲಿ 48 ಗಂಟೆ ತೂಗಲಿ. ದರಗು ಒಣಗುತ್ತಾ ಬಂದಂತೆ ಇರುವೆಗಳು ತಡಬಡಿಸಿ ಓಡಾಡಿ, ಬಲೆಯ ಕಣ್ಣಿನಿಂದ ಕೆಳಗೆ ಬೀಳುತ್ತವೆ. ವಿದ್ಯುತ್ ಬೇಡ, ದೀಪ ಬೇಡ.

ಸಮೀಕ್ಷೆಯ ಲೆಕ್ಕದಲ್ಲಿ ಮಾಡುವುದಾದರೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ರಮವೊಂದಿದೆ: 200 ಮೀಟರ್ ಉದ್ದದ ಸಾಲು, ಪ್ರತಿ 10 ಮೀಟರಿಗೆ ಒಂದು ಚದರ ಮೀಟರ್ ದರಗು, ಒಟ್ಟು 20 ಜಾಗ. ಎಲ್ಲರೂ ಒಂದೇ ಅಳತೆ ಬಳಸಿದರೆ ಪೆರಿಯಾರಿನ ಪಟ್ಟಿಯನ್ನು ಕುದುರೆಮುಖದ ಪಟ್ಟಿಯೊಂದಿಗೆ ಹೋಲಿಸಲು ಸಾಧ್ಯ.

ಜಡಿಮಳೆಯ ದಿನ ಈ ಕೆಲಸ ಬೇಡ. ಉಂಬಳದ ಕಾಟ ಒಂದು ಕಡೆಯಾದರೆ, ನೆನೆದ ದರಗು ಜರಡಿಯಲ್ಲಿ ಮುದ್ದೆಯಾಗಿ ಕೂರುತ್ತದೆ. ಮಳೆ ನಿಂತು ಎರಡು ಮೂರು ದಿನ ಕಳೆದ ಮೇಲಿನ ಹಸಿ ದರಗು ಉತ್ತಮ.

ಗೂಡೇ ಸಿಕ್ಕರೆ ಅದು ಭಾಗ್ಯ. ಒಂದೇ ಗೂಡಿನ ಹತ್ತಾರು ಕೆಲಸಗಾರ್ತಿಯರು ಕೈಯಲ್ಲಿದ್ದರೆ ಒಂದು ಇರುವೆಯ ವಿಚಿತ್ರ ಲಕ್ಷಣ ಪ್ರಭೇದದ ಲಕ್ಷಣವೋ, ಅದೊಂದರದೇ ಊನವೋ ಎಂಬುದು ತಿಳಿಯುತ್ತದೆ. ಸುತ್ತ ಬೇರೆ ಜಾತಿಯ ಇರುವೆಯ ಮರಿಹುಳುಗಳು ಬಿದ್ದಿದ್ದರೆ ಅವನ್ನೂ ಎತ್ತಿಟ್ಟುಕೊಳ್ಳಿ. ಊಸೆರಿಯಾದ ಊಟ ಏನೆಂಬುದಕ್ಕೆ ಅದೇ ಸಾಕ್ಷಿ.

ಮೂರನೆಯ ಹೆಜ್ಜೆ: ಸೀಸೆ, ಚೀಟಿ, ಸೂಜಿ

95 ಪ್ರತಿಶತ ಎಥನಾಲ್‌ನಲ್ಲಿಡಿ. ಮುಂದೆ ಡಿಎನ್‌ಎ ಬೇಕಾದರೆ ತೆಳು ಆಲ್ಕೊಹಾಲ್ ಕೈಕೊಡುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೆ ಹಾಕಿ, ಹೊರಗೆ ಅಂಟಿಸಿದ್ದು ಉದುರುತ್ತದೆ. ರಾಜ್ಯ, ಜಿಲ್ಲೆ, ಸ್ಥಳ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರು, ಸಂಗ್ರಹಿಸಿದ ವಿಧಾನ. ಈ ಚೀಟಿ ಇಲ್ಲದ ಇರುವೆ ಎಷ್ಟೇ ಅಪರೂಪದ್ದಾದರೂ ವಿಜ್ಞಾನಕ್ಕೆ ಪ್ರಯೋಜನವಿಲ್ಲ.

ಇಷ್ಟು ಸಣ್ಣ ಇರುವೆಯ ಮೈಗೆ ಸೂಜಿ ಚುಚ್ಚುವಂತಿಲ್ಲ. ದಪ್ಪ ಕಾಗದದ ಚೂಪು ತ್ರಿಕೋನ ಕತ್ತರಿಸಿ, ಸೂಜಿಯನ್ನು ಅದರ ಅಗಲ ತುದಿಗೆ ಚುಚ್ಚಿ, ಚೂಪು ತುದಿಗೆ ನೀರಿನಲ್ಲಿ ಕರಗುವ ಅಂಟಿನ ಒಂದು ಕಣ ಮುಟ್ಟಿಸಿ, ಇರುವೆಯ ಎರಡನೆಯ ಮತ್ತು ಮೂರನೆಯ ಜೋಡಿ ಕಾಲಿನ ಬುಡದ ನಡುವೆ ಅಂಟಿಸಬೇಕು. ಅಂಟು ಸೊಂಟಕ್ಕೆ, ಮುಖಕ್ಕೆ, ಕುಡಿಮೀಸೆಗೆ ಹರಡಬಾರದು. ನಾನು ಮೊದಮೊದಲು ಅಂಟಿಸಿದ ಒಂದು ಇರುವೆಯ ಕುಡಿಮೀಸೆಯಲ್ಲಿ ಒಂಬತ್ತೇ ಗೆಣ್ಣು ಎಣಿಸಿ ಬರೆದಿಟ್ಟಿದ್ದೆ. ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ನೋಡಿದಾಗ ಒಂದು ಸಂಧಿ ಅಂಟಿನ ಪೊರೆಯ ಕೆಳಗೆ ಮುಚ್ಚಿಹೋಗಿತ್ತು. ಅಂದಿನಿಂದ ಒಂದೇ ಗೂಡಿನ ಮೂರು ಇರುವೆಗಳನ್ನಾದರೂ ಅಂಟಿಸುತ್ತೇನೆ, ಉಳಿದವನ್ನು ಆಲ್ಕೊಹಾಲ್‌ನಲ್ಲೇ ಇಡುತ್ತೇನೆ.

ನಾಲ್ಕನೆಯ ಹೆಜ್ಜೆ: ಉಪಕುಟುಂಬ ಯಾವುದು

2016ರ ಪಟ್ಟಿಯ ಪ್ರಕಾರ ಭಾರತದಲ್ಲಿ 100 ಕುಲಗಳ 828 ಇರುವೆ ಪ್ರಭೇದ ಮತ್ತು ಉಪಪ್ರಭೇದಗಳಿದ್ದವು. ಆಮೇಲೆ ಸಂಖ್ಯೆ ಬೆಳೆದಿದೆ. ಇವಿಷ್ಟರಲ್ಲಿ ಒಂದನ್ನು ಹುಡುಕುವುದು ಕಷ್ಟವೆನಿಸಿದರೂ, ಸೊಂಟ ಮತ್ತು ಹೊಟ್ಟೆಯ ತುದಿ ನೋಡಿ ಉಪಕುಟುಂಬ, ಅಂದರೆ ಹಲವು ಕುಲಗಳ ದೊಡ್ಡ ಗುಂಪು, ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಎದೆಗೂ ಹೊಟ್ಟೆಗೂ ನಡುವೆ ಒಂದೇ ಗಂಟಿದ್ದು, ಹೊಟ್ಟೆಯ ತುದಿಯಲ್ಲಿ ಕೊಂಡಿಯ ಬದಲು ಕೂದಲುಗಳಿಂದ ಸುತ್ತುವರಿದ ಸಣ್ಣ ರಂಧ್ರವಿದ್ದರೆ ಅದು ಫಾರ್ಮಿಸಿನೇ. ಚಗಳಿ, ಗೊದ್ದ ಇಲ್ಲಿ ಬರುತ್ತವೆ. ಒಂದೇ ಗಂಟು, ಕೊಂಡಿಯೂ ಇಲ್ಲ, ರಂಧ್ರದ ಬದಲು ಅಡ್ಡ ಸೀಳು ಇದ್ದರೆ ಡಾಲಿಕೊಡೆರಿನೇ. ಒಂದು ಗಂಟು, ಗಟ್ಟಿ ಕೊಂಡಿ, ಹೊಟ್ಟೆಯ ಮೊದಲೆರಡು ಖಂಡಗಳ ನಡುವೆ ಸಾಮಾನ್ಯವಾಗಿ ಒಂದು ಬಿಗಿತವಿದ್ದರೆ ಪೊನೆರಿನೇ. ಎರಡು ಗಂಟು ಇದ್ದರೆ ಹೆಚ್ಚಿನ ಸಲ ಮಿರ್ಮಿಸಿನೇ.

ಊಸೆರಿಯಾಕ್ಕೂ ಎರಡು ಗಂಟು. ಹಾಗಾಗಿ ಹೊಸಬರು ಅದನ್ನು ಮಿರ್ಮಿಸಿನೇ ಡಬ್ಬಿಗೆ ಹಾಕಿ ಮರೆತುಬಿಡುತ್ತಾರೆ. ತಪ್ಪಿಸಿಕೊಳ್ಳಲು ಮೂರು ಜಾಗ ನೋಡಿ.

ಮೊದಲು ಮುಖ. ತಲೆಯನ್ನು ನೇರ ಮುಂದಿನಿಂದ ನೋಡಿದಾಗ ಕುಡಿಮೀಸೆಯ ಬುಡದ ಕುಳಿಗಳು ಪೂರ್ತಿ ತೆರೆದು ಕಾಣುತ್ತವೆಯೇ? ಮಿರ್ಮಿಸಿನೇಯಲ್ಲಿ ಹಣೆಯ ಅಂಚು ಚಾಚಿ ಸಾಮಾನ್ಯವಾಗಿ ಕುಳಿಯ ಭಾಗವನ್ನಾದರೂ ಮುಚ್ಚಿರುತ್ತದೆ. ಊಸೆರಿಯಾ ಸೇರಿರುವ ಡೋರಿಲಿನೇ ಉಪಕುಟುಂಬದಲ್ಲಿ ಅದು ತೆರೆದಿರುತ್ತದೆ. ಆಮೇಲೆ ಕಣ್ಣು. ಊಸೆರಿಯಾ ಕೆಲಸಗಾರ್ತಿಗೆ ಕಣ್ಣೇ ಇರುವುದಿಲ್ಲ, ಇದ್ದರೂ ಚುಕ್ಕೆಯಷ್ಟು. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಯ ಬೆನ್ನಿನ ಕೊನೆಯ ತಟ್ಟೆ. ಅದು ಚಪ್ಪಟೆಯಾಗಿ, ತುಸು ಒಳಕ್ಕೆ ತಗ್ಗಿ, ಅಂಚಿನುದ್ದಕ್ಕೂ ಗಿಡ್ಡ ಮುಳ್ಳುಗೂಟಗಳ ಸಾಲು ಹೊತ್ತಿದ್ದರೆ ನೀವು ಡೋರಿಲಿನೇ ಬಾಗಿಲಿಗೆ ಬಂದಿದ್ದೀರಿ. ಬಾಚಣಿಗೆಯ ಹಲ್ಲು ಸವೆದು ಗಿಡ್ಡವಾದಂತೆ ಕಾಣುವ ಆ ಸಾಲನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಚೆನ್ನಾಗಿ ಕಾಣುತ್ತದೆ.

ಬಣ್ಣವನ್ನು ನಂಬಬೇಡಿ. ದರಗಿನ ಇರುವೆಗಳು ಬಹುಪಾಲು ಕಂದು, ಹಳದಿಗಂದು. ಆಗಷ್ಟೇ ಕೋಶದಿಂದ ಹೊರಬಂದದ್ದು ಇನ್ನೂ ಪೇಲವ. ಬೆಂಗಳೂರಿನ ಏಟ್ರೀ ಸಂಸ್ಥೆಯ ತಂಡ ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಿಂದ 2024ರಲ್ಲಿ ಪ್ರಕಟಿಸಿದ ನೀಲಿ ಇರುವೆ ‘ಪ್ಯಾರಾಪ್ಯಾರಾಟ್ರೆಕಿನಾ ನೀಲಾ’ದಂತೆ ಬಣ್ಣವೇ ಹೆಸರಾಗುವುದು ತೀರಾ ಅಪರೂಪ.

ಐದನೆಯ ಹೆಜ್ಜೆ: ವೇಷ ಹಾಕಿದವರನ್ನು ಹೊರಗಟ್ಟುವುದು

ಇಲ್ಲಿ ನಿಧಾನವಾಗಿ ಸಾಗಿ. ಹೆಚ್ಚಿನ ತಪ್ಪುಗಳಾಗುವುದು ಈ ಹಂತದಲ್ಲೇ. ಸಣ್ಣ ಗಾತ್ರ, ಎರಡು ಗಂಟು, ಕುರುಡು, ಹನ್ನೆರಡಕ್ಕಿಂತ ಕಡಿಮೆ ಗೆಣ್ಣು, ಈ ಲಕ್ಷಣಗಳಲ್ಲಿ ಕೆಲವನ್ನೋ ಎಲ್ಲವನ್ನೋ ಹೊತ್ತ ಇರುವೆಗಳು ಅದೇ ದರಗಿನಲ್ಲಿ ಇನ್ನೂ ಇವೆ.

ಮೊದಲನೆಯದು ಕ್ಯಾರೆಬಾರಾ. ಇದರ ಸಣ್ಣ ಕೆಲಸಗಾರ್ತಿಯರು ಬಹುತೇಕ ಕುರುಡು, ಕುಡಿಮೀಸೆಯ ಗೆಣ್ಣೂ ಕಡಿಮೆ. ಆದರೆ ಕುಡಿಮೀಸೆಯ ತುದಿ ನೋಡಿ. ಕ್ಯಾರೆಬಾರಾದಲ್ಲಿ ಕೊನೆಯ ಎರಡು ಗೆಣ್ಣು ಸೇರಿ ಗದೆಯಾಗಿರುತ್ತದೆ. ಊಸೆರಿಯಾದಲ್ಲಿ ಕೊನೆಯ ಒಂದೇ ಗೆಣ್ಣು ಉಬ್ಬಿ ಮೊಟ್ಟೆಯಂತೆ ದಪ್ಪಗಾಗಿರುತ್ತದೆ. ಕ್ಯಾರೆಬಾರಾಕ್ಕೆ ಬೆನ್ನಿನ ಕೊನೆಯ ತಟ್ಟೆಯಲ್ಲಿ ಮುಳ್ಳುಸಾಲೂ ಇಲ್ಲ.

ಎರಡನೆಯದು ನಿಜಕ್ಕೂ ಮೋಸ ಮಾಡುವ ಏನಿಕ್ಟಸ್. ಅದೂ ಡೋರಿಲಿನೇ, ಅದಕ್ಕೂ ಕಣ್ಣಿಲ್ಲ, ಎರಡು ಗಂಟು, ಬಹಳಷ್ಟು ಪ್ರಭೇದಗಳ ಕುಡಿಮೀಸೆಯಲ್ಲಿ ಹತ್ತೇ ಗೆಣ್ಣು! ಹತ್ತು ಎಣಿಸಿದ ಕೂಡಲೇ ಜೋಶಿಯೈ ಎಂದು ಕುಣಿಯುವವರು ಇಲ್ಲಿ ಬೀಳುತ್ತಾರೆ. ಏನಿಕ್ಟಸ್ ತೆಳ್ಳಗಿನ ಮೈಯ, ಉದ್ದ ಕಾಲಿನ ದಂಡಿನ ಇರುವೆ, ನೂರಾರು ಒಟ್ಟಾಗಿ ಸಾಲುಗಟ್ಟಿ ಹರಿಯುತ್ತದೆ. ಕುಡಿಮೀಸೆ ತುದಿಯ ಕಡೆಗೆ ನಿಧಾನಕ್ಕೆ ದಪ್ಪವಾಗುತ್ತದೆಯೇ ಹೊರತು ಥಟ್ಟನೆ ಗದೆಯಾಗುವುದಿಲ್ಲ. ಎದೆಯ ಹಿಂಭಾಗದ ಪಕ್ಕದಲ್ಲಿರುವ ಉಸಿರುರಂಧ್ರ ಅದರಲ್ಲಿ ಮೇಲಕ್ಕಿದೆ, ಊಸೆರಿಯಾದಲ್ಲಿ ಕೆಳಕ್ಕಿದೆ. ಬೆನ್ನಿನ ಕೊನೆಯ ತಟ್ಟೆ ಏನಿಕ್ಟಸ್‌ನಲ್ಲಿ ಕಿರಿದಾದ ಪಟ್ಟಿಯಷ್ಟೇ.

ಲೆಪ್ಟನಿಲಿನೇ ಗುಂಪಿನ ಮಣ್ಣಿನ ಇರುವೆಗಳೂ ಕುರುಡು, ಕುಳಿ ತೆರೆದಂಥವು. ಆದರೆ ಅವುಗಳ ಕುಡಿಮೀಸೆ ದಾರದಂತೆ ಸಪೂರ, ಗೆಣ್ಣು ಹನ್ನೆರಡು, ಮುಳ್ಳುಸಾಲು ಇಲ್ಲ.

ಡೋರಿಲಿನೇ ಒಳಗಿನ ಹತ್ತಿರದ ಸಂಬಂಧಿಗಳು ಬಾಕಿ. ಲಿಯೊಪೊನೆರಾಕ್ಕೆ ಸಾಮಾನ್ಯವಾಗಿ ಕಣ್ಣಿದೆ, ಗೆಣ್ಣು ಹೆಚ್ಚು, ಸೊಂಟದ ಮೊದಲ ಗಂಟಿನ ಮೇಲಂಚು ಚೂಪಾಗಿ ಎದ್ದಿರುತ್ತದೆ. ಊಸೆರಿಯಾದ ಗಂಟು ದುಂಡಗೆ. ಸಿಸಿಯಾ ಇನ್ನೂ ಹತ್ತಿರದ್ದು, ಸಣ್ಣದು, ಗೆಣ್ಣೂ ಕಡಿಮೆ. ಆದರೆ ಸಿಸಿಯಾದಲ್ಲಿ ಸೊಂಟದ ನಂತರದ ಮೊದಲ ಖಂಡವೇ ಹೊಟ್ಟೆಯ ಬಹುಭಾಗವನ್ನು ಆಕ್ರಮಿಸಿ, ಉಳಿದವು ಅದರ ಹಿಂದೆ ಮುದುಡಿಕೊಂಡಿರುತ್ತವೆ. ಊಸೆರಿಯಾದಲ್ಲಿ ಅಷ್ಟು ತಾರತಮ್ಯವಿಲ್ಲ.

ಹಳೆಯ ಪುಸ್ತಕಗಳನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಊಸೆರಿಯಾ ಕುಲವನ್ನು ಕೀಟತಜ್ಞ ರೋಜರ್ 1862ರಲ್ಲಿ ಶ್ರೀಲಂಕಾದ ಇರುವೆಯೊಂದರ ಮೇಲೆ ಸ್ಥಾಪಿಸಿದ್ದರೂ, ಆಮೇಲೆ ದೀರ್ಘಕಾಲ ಇವೆಲ್ಲವನ್ನೂ ‘ಸೆರಾಪಾಕಿಸ್’ ಎಂಬ ಒಂದೇ ದೊಡ್ಡ ಕುಲದೊಳಗೆ ತುಂಬಿದ್ದರು. 2014ರಲ್ಲಿ ಸೆರಾಪಾಕಿನೇ ಉಪಕುಟುಂಬವನ್ನೇ ಡೋರಿಲಿನೇಗೆ ಸೇರಿಸಲಾಯಿತು. 2016ರಲ್ಲಿ ಇರುವೆ ತಜ್ಞ ಮಾರೆಕ್ ಬೊರೊವಿಯೆಚ್ ಇಡೀ ಉಪಕುಟುಂಬವನ್ನು ಪರಿಷ್ಕರಿಸಿ ಊಸೆರಿಯಾ, ಸಿಸಿಯಾ, ಲಿಯೊಪೊನೆರಾ, ಪ್ಯಾರಾಸಿಸಿಯಾಗಳನ್ನು ಮತ್ತೆ ಬೇರೆ ಬೇರೆ ಕುಲಗಳಾಗಿ ನಿಲ್ಲಿಸಿದರು. ಆದ್ದರಿಂದ ಹಳೆಯ ಬರಹದಲ್ಲಿ ಸೆರಾಪಾಕಿಸ್ ಎಂದಿದ್ದರೆ ಇಂದಿನ ಹೆಸರನ್ನು ಅಂತರ್ಜಾಲದಲ್ಲಿರುವ ಇರುವೆ ಹೆಸರುಗಳ ಆಂಟ್‌ಕ್ಯಾಟ್ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಮಾದರಿಗಳ ಚಿತ್ರಗಳಿಗೆ ಆಂಟ್‌ವೆಬ್ ಜಾಲತಾಣ ಇದೆ.

ಆರನೆಯ ಹೆಜ್ಜೆ: ಗೆಣ್ಣು ಎಣಿಸುವುದು

ಕಬ್ಬಿನ ಗೆಣ್ಣು ಎಣಿಸುವಷ್ಟು ಸುಲಭವೆಂದು ಕೂತರೆ ತಪ್ಪುತ್ತೀರಿ. ತಲೆಗೆ ಅಂಟಿದ ಬುಡದ ಗುಂಡಿಯಂಥ ಭಾಗ ಬೇರೆ ಗೆಣ್ಣಲ್ಲ, ಅದು ಮೊದಲ ಉದ್ದ ಗೆಣ್ಣಿನದೇ ತುದಿ. ಆ ಉದ್ದದ್ದು ಒಂದು. ಮೊಣಕೈಯಂತೆ ಬಾಗಿದ ಜಾಗದ ನಂತರ ಎರಡನೆಯದು. ಅಲ್ಲಿಂದ ಮುಂದೆ ಊಸೆರಿಯಾದ ನಡುಗೆಣ್ಣುಗಳು ಉದ್ದಕ್ಕಿಂತ ಅಗಲ ಹೆಚ್ಚಿರುವ ಬಳೆಗಳಂತೆ ಒತ್ತೊತ್ತಾಗಿ ಕೂತಿರುತ್ತವೆ. ಎರಡು ಬಳೆ ಒಂದಾಗಿ ಕಾಣುವುದು, ಒಂದು ಬಳೆಯ ನಡುವಿನ ಕೂದಲುಸಾಲು ಸಂಧಿಯಂತೆ ಕಾಣುವುದು, ಎರಡೂ ಮಾಮೂಲು.

ನಾನು ಮಾಡುವುದು ಹೀಗೆ. ಗದೆಯಿಂದ ಬುಡದ ಕಡೆಗೆ ಎಣಿಸುತ್ತೇನೆ, ಆಮೇಲೆ ಬುಡದಿಂದ ಗದೆಗೆ. ಎಡ ಕುಡಿಮೀಸೆ, ಬಲ ಕುಡಿಮೀಸೆ. ಒಮ್ಮೆ ಮೇಲಿನಿಂದ, ಒಮ್ಮೆ ಪಕ್ಕದಿಂದ. ಪ್ರತಿ ಎಣಿಕೆಯನ್ನೂ ಹಿಂದಿನದನ್ನು ನೋಡದೆ ಬರೆದಿಡುತ್ತೇನೆ. ಒಂದೇ ಗೂಡಿನ ಮೂರು ಇರುವೆಗಳಲ್ಲಿ ಎಲ್ಲ ಎಣಿಕೆಯೂ ಒಂದೇ ಬಂದರೆ ಮಾತ್ರ ಆ ಸಂಖ್ಯೆಯನ್ನು ನಂಬುತ್ತೇನೆ. ಸಂಶಯ ಉಳಿದರೆ ಒಂದು ಕುಡಿಮೀಸೆಯನ್ನು ಬಿಡಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಕೆಳಗಿನಿಂದ ಬೆಳಕು ಹಾಯಿಸುವ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಂಧಿಯ ಪೊರೆ ಬೆಳಕಿಗೆ ತಿಳಿಯಾಗಿ ಕಾಣುತ್ತದೆ. ಗೆಣ್ಣು ಎಣಿಸಲು 40 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕ ಸಾಲದು, 80 ಪಟ್ಟು ಇದ್ದರೆ ನೆಮ್ಮದಿ.

ಒಂಬತ್ತು ಬಂದರೆ ಮೊದಲು ಹೋಲಿಸಬೇಕಾದದ್ದು ಊಸೆರಿಯಾ ಬಿರೊಯ್ ಜೊತೆಗೆ. ಇದು ಮನುಷ್ಯರ ಓಡಾಟದೊಂದಿಗೆ ಬಹಳ ದೇಶಗಳಿಗೆ ಹರಡಿದೆ. ಇದರಲ್ಲಿ ರಾಣಿಯೇ ಇಲ್ಲ. ಕೆಲಸಗಾರ್ತಿಯರೇ ಗಂಡಿನ ಸಂಗವಿಲ್ಲದೆ ಮೊಟ್ಟೆಯಿಟ್ಟು ತಮ್ಮದೇ ಪ್ರತಿರೂಪಗಳನ್ನು ಹುಟ್ಟಿಸುತ್ತವೆ. ಇಡೀ ಗೂಡು ಒಂದೇ ತಾಳದಲ್ಲಿ ಕೆಲವು ದಿನ ಮೊಟ್ಟೆ ಇಡುವುದು, ಕೆಲವು ದಿನ ಬೇಟೆಗೆ ಹೋಗಿ ಮರಿ ಸಾಕುವುದು, ಹೀಗೆ ಸುಮಾರು 34 ದಿನಗಳ ಸುತ್ತು. ಅದಕ್ಕೇ ಪ್ರಯೋಗಾಲಯಗಳಿಗೆ ಅಷ್ಟು ಪ್ರಿಯ. 2017ರಲ್ಲಿ ವಾಸನೆ ಗ್ರಹಿಸುವ ಜೀನ್ ತಿದ್ದಿ ಬೆಳೆಸಿದ ಮೊದಲ ಇರುವೆಗಳಲ್ಲಿ ಇದೂ ಒಂದು. ಇನ್ನೊಂದು ನಮ್ಮ ಕಡೆಯ ನೆಗೆಯುವ ಇರುವೆ ಹಾರ್ಪೆಗ್ನಾಥಸ್ ಸಾಲ್ಟೇಟರ್.

ಏಳನೆಯ ಹೆಜ್ಜೆ: ಅಳತೆ

ತಲೆಯ ಉದ್ದ, ತಲೆಯ ಅಗಲ, ಕುಡಿಮೀಸೆಯ ಮೊದಲ ಗೆಣ್ಣಿನ ಉದ್ದ, ಎದೆಯ ಉದ್ದ, ಎರಡೂ ಗಂಟುಗಳ ಉದ್ದ ಅಗಲ. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸಿದರೆ ತಲೆಯ ಸೂಚ್ಯಂಕ. ಮೊದಲ ಗೆಣ್ಣಿನ ಉದ್ದವನ್ನು ತಲೆಯ ಅಗಲದಿಂದ ಭಾಗಿಸಿ 100ರಿಂದ ಗುಣಿಸಿದರೆ ಕುಡಿಮೀಸೆಯ ಸೂಚ್ಯಂಕ. ಅಳೆಯುವ ಭಾಗದ ಎರಡು ತುದಿಗಳೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವಂತೆ ಇರುವೆಯನ್ನು ತಿರುಗಿಸಿ. ಒಂದು ತುದಿ ಮಸುಕಾಗಿದ್ದರೆ ಆ ಅಳತೆ ಸುಳ್ಳು.

ಚಿತ್ರ ಮೂರು ಸಾಕು: ಮುಖ ನೇರ ಮುಂದಿನಿಂದ, ಮೈ ಪಕ್ಕದಿಂದ, ಮೈ ಮೇಲಿನಿಂದ. ಬೇರೆ ಬೇರೆ ಆಳದಲ್ಲಿ ತೆಗೆದ ಹತ್ತಾರು ಚಿತ್ರಗಳನ್ನು ತಂತ್ರಾಂಶದಲ್ಲಿ ಒಂದಾಗಿಸಿದರೆ ಇಡೀ ಇರುವೆ ಸ್ಪಷ್ಟವಾಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ಎಂಟನೆಯ ಹೆಜ್ಜೆ: ಹೆಸರು ಬರೆಯುವ ಮೊದಲು

ಕುಲ ಖಚಿತ, ಪ್ರಭೇದ ಖಚಿತವಿಲ್ಲ ಎಂದಾದರೆ ‘ಊಸೆರಿಯಾ ಎಸ್‌ಪಿ. 1’ ಎಂದೇ ಬರೆಯಿರಿ. ಜೋಶಿಯೈಗೆ ಹತ್ತಿರವಿದೆ, ಆದರೆ ಮೂಲ ಮಾದರಿಯೊಂದಿಗೆ ಹೋಲಿಸಿಲ್ಲ ಎಂದಾದರೆ ನಡುವೆ ‘ಸಿಎಫ್.’ (‘ಹೋಲಿಸಿ’ ಎಂಬರ್ಥದ ಲ್ಯಾಟಿನ್ ಪದದ ಹ್ರಸ್ವರೂಪ) ಸೇರಿಸಿ. ಇದು ಸೋಲಲ್ಲ. ಪೂರ್ತಿ ಹೆಸರು ಬರೆದು ತಪ್ಪಾದ ಒಂದು ದಾಖಲೆ ಹತ್ತು ಪಟ್ಟಿಗಳಿಗೆ ನಕಲಾಗಿ, ಆಮೇಲೆ ಕೀಳಲಾರದ ಕಳೆಯಂತೆ ಬೇರುಬಿಡುತ್ತದೆ. ಅಂಥ ದಾಖಲೆಗಳ ಬೆನ್ನು ಹತ್ತಿ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ.

ಡಿಎನ್‌ಎ ಸಹಾಯಕ್ಕೆ ಬರುತ್ತದೆ. ಒಂದು ಕಾಲಿನಿಂದ, ಪ್ರಭೇದ ಗುರುತಿಸಲು ಬಳಸುವ ಸಿಒಐ ಜೀನಿನ 658 ಅಕ್ಷರಗಳ ತುಣುಕನ್ನು ಓದಿಸಿದರೆ ಉಳಿದ ದೇಹ ಹಾಗೇ ಇರುತ್ತದೆ. ಆದರೆ ಗಂಡಿಲ್ಲದೆ ಮರಿ ಮಾಡುವ ಇರುವೆಗಳಿರುವ ಈ ಕುಲದಲ್ಲಿ ಎರಡು ವಂಶಗಳ ನಡುವಿನ ಅಕ್ಷರವ್ಯತ್ಯಾಸವನ್ನೇ ಹೊಸ ಪ್ರಭೇದವೆಂದು ಓದುವಂತಿಲ್ಲ. ಮೈಯ ಲಕ್ಷಣವೂ ಜೊತೆಗೆ ನಿಲ್ಲಬೇಕು.

ಹೊಸದೇ ಹೌದಾದರೆ

ಆಗ ಒಬ್ಬರೇ ಮುಂದುವರಿಯಬೇಡಿ. ಪರಿಣತರನ್ನು ಜೊತೆಗೆ ಸೇರಿಸಿಕೊಂಡು, ಕುಲದ ಪ್ರತಿಯೊಂದು ಪ್ರಭೇದದ ಮೂಲ ವಿವರಣೆ ಓದಿ, ನಿಮ್ಮದು ಎಲ್ಲೆಲ್ಲಿ ಬೇರೆ ಎಂದು ಒಂದೊಂದಾಗಿ ಬರೆಯಬೇಕು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ ಹೆಸರಿಗೆ ಆಧಾರವಾದ ಮಾದರಿಯನ್ನು, ಅಂದರೆ ಹೋಲೋಟೈಪ್‌ ಯಾವುದೆಂಬುದನ್ನು, ಸ್ಪಷ್ಟವಾಗಿ ಹೇಳಬೇಕು, ಅದನ್ನು ಇಡುವ ಸಂಗ್ರಹಾಲಯವನ್ನೂ ಹೇಳಬೇಕು. ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾಗುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ಅಂತರ್ಜಾಲ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಕಡ್ಡಾಯ. ನಮ್ಮ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಅಲ್ಲಿ ಇಡುವುದೂ ಕಡ್ಡಾಯ.

ಹೆಸರಿನ ವ್ಯಾಕರಣವನ್ನೂ ಗಮನಿಸಿ. ಪುರುಷರ ಗೌರವಾರ್ಥವಾದರೆ ಲ್ಯಾಟಿನ್ ಷಷ್ಠಿಯ ‘ಐ’ ಅಕ್ಷರ ಕೊನೆಗೆ ಸೇರುತ್ತದೆ. ಜೋಶಿ ಹೆಸರಿನ ಕೊನೆಯಲ್ಲಿ ಆಗಲೇ ಒಂದು ‘ಐ’ ಇರುವುದರಿಂದ ರೋಮನ್ ಲಿಪಿಯಲ್ಲಿ ಎರಡು ‘ಐ’ ಬರುತ್ತವೆ. ಮಹಿಳೆಯಾದರೆ ‘ಎಇ’. ನಿಮ್ಮ ಹೆಸರನ್ನು ನೀವೇ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಊರಿನ, ಹಳ್ಳದ, ಬೆಟ್ಟದ ಹೆಸರು ಇಡಬಹುದು. ಡೆಕಾಮೆರಾದಂತೆ ಲಕ್ಷಣವೇ ಹೆಸರಾಗಬಹುದು.

ಉಳಿದ ಮಾದರಿಗಳನ್ನು ಒಂದೇ ಕಡೆ ಇಡದೆ ಎರಡು ಮೂರು ಸಂಗ್ರಹಾಲಯಗಳಿಗೆ ಹಂಚಿ. ಹೋಲೋಟೈಪ್‌ನ ಸೂಜಿಗೆ, ಸ್ಥಳ ಮತ್ತು ದಿನಾಂಕದ ಚೀಟಿಯ ಕೆಳಗೆ, ಇನ್ನೊಂದು ಕೆಂಪು ಚೀಟಿ ಚುಚ್ಚಿ ಅದರ ಮೇಲೆ ಹೆಸರು ಬರೆಯಿರಿ. ಆ ಚೀಟಿ ಚುಚ್ಚುವ ಮೊದಲು ಗೆಣ್ಣನ್ನು ಇನ್ನೊಮ್ಮೆ ಎಣಿಸಿ.